ಘಟ್ಟದ ದಾರಿಯಲ್ಲಿ ಸೈಕಲ್ ಕೈಕೊಟ್ಟಾಗ

ಮೈಸೂರು, ಬೆಂಗಳೂರು ಕಡೆಯಿಂದ ಮಂಗಳೂರಿಗೆ ಸೈಕಲ್‌ನಲ್ಲಿ ಹೊರಟವರು ಮಡಿಕೇರಿಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ನನ್ನ ಸೈಕಲ್ ರಿಪೇರಿ ಅಂಗಡಿಗೆ ಬರುತ್ತಾರೆ. "ಅಣ್ಣಾ, ಗೇರ್ ಸರಿಯಾಗಿ ಬೀಳ್ತಿಲ್ಲ, ಸ್ವಲ್ಪ ನೋಡ್ತೀರಾ?" ಅನ್ನುವುದು ಮಾಮೂಲು. ಕುಶಾಲನಗರದಿಂದ ಏರಿ ಬರುವಾಗ ಗೇರು ಸತಾಯಿಸಿರುತ್ತದೆ, ತಲೆಯಲ್ಲಿ ಅದೇ ಉಳಿದಿರುತ್ತದೆ. ನಾನು ಮೊದಲು ಕೈ ಹಾಕುವುದು ಬ್ರೇಕಿಗೆ. ಅವರ ಮುಂದಿರುವುದು ಸಂಪಾಜೆ ಘಾಟಿ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿರುವ ಮಡಿಕೇರಿಯಿಂದ ಮದೆನಾಡು, ಜೋಡುಪಾಲ, ಕೊಯನಾಡು ಹಾದು 25 ಕಿ.ಮೀ.ಗೂ ಹೆಚ್ಚು ದೂರದ ಇಳಿಜಾರು ಅದು.

ದೂರದ ಪ್ರಯಾಣದಲ್ಲಿ ಸೈಕಲ್ ಕೆಟ್ಟಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಕೆಟ್ಟಿದ್ದು ಓಡಿಸುವ ಭಾಗವೋ, ನಿಲ್ಲಿಸುವ ಭಾಗವೋ? ಚೈನು, ಗೇರು, ಪೆಡಲು, ಕ್ಯಾರಿಯರ್ ಕೆಟ್ಟರೆ ಹೇಗಾದರೂ ತೇಪೆ ಹಾಕಿ ಮುಂದಿನ ಊರು ಮುಟ್ಟಬಹುದು. ಬ್ರೇಕು, ಮುಂದಿನ ಚಕ್ರ, ಹ್ಯಾಂಡಲ್ ವಿಷಯದಲ್ಲಿ ತೇಪೆ ಕೆಲಸ ಕೂಡದು.

ಗೇರ್ ಕೇಬಲ್ ತುಂಡಾದರೆ ಚೈನು ಹಿಂದಿನ ಅತಿ ಸಣ್ಣ ಹಲ್ಲುಚಕ್ರಕ್ಕೆ ಬಂದು ಕೂರುತ್ತದೆ. ಲಗೇಜು ಹೊತ್ತು ಭಾಗಮಂಡಲದಿಂದ ತಲಕಾವೇರಿಗೆ ಏರುವವರಿಗೆ ಅಲ್ಲಿಗೆ ಕಾಲಿನ ಕಥೆ ಮುಗಿಯಿತು. ಆದರೆ ಕೇಬಲ್ ಸಾಮಾನ್ಯವಾಗಿ ತುಂಡಾಗುವುದು ಹ್ಯಾಂಡಲ್‌ನಲ್ಲಿ ಗೇರ್ ಬದಲಿಸುವ ಶಿಫ್ಟರ್ ಒಳಗೆ; ಉಳಿದ ಉದ್ದವೆಲ್ಲ ಗಟ್ಟಿಯಾಗೇ ಇರುತ್ತದೆ. ಅದನ್ನು ಕೈಯಲ್ಲಿ ಎಳೆದು, ಚೈನು ದೊಡ್ಡದೊಂದು ಹಲ್ಲುಚಕ್ರಕ್ಕೆ ಬಂದಾಗ ನೀರಿನ ಬಾಟಲಿ ಸ್ಟ್ಯಾಂಡಿನ ಬೋಲ್ಟಿನ ಅಡಿಗೆ ಸಿಕ್ಕಿಸಿ ಬಿಗಿಯಬೇಕು. ಅದೊಂದೇ ಗೇರಿನಲ್ಲಿ ನಿಧಾನವಾಗಿ ಊರು ಸೇರಬಹುದು.

ಡಿರೇಲರ್ ಹ್ಯಾಂಗರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ದೂರದಿಂದ ಬರುವವರ ಬಳಿ ಇಲ್ಲದಿರುವುದು ಇದೇ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿಸುವ ಸಣ್ಣ ಅಲ್ಯೂಮಿನಿಯಂ ತುಂಡು ಅದು. ಸೈಕಲ್ ಬಲಕ್ಕೆ ಬಿದ್ದರೆ ಫ್ರೇಮು ಉಳಿಯಲಿ, ತಾನು ಬಾಗಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಹಾಗೆ ಬಾಗಿದ್ದನ್ನು ಗಮನಿಸದೆ ಏರಿನಲ್ಲಿ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದರೆ ಡಿರೇಲರ್ ಚಕ್ರದ ಕಡ್ಡಿಗಳ ಒಳಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಹ್ಯಾಂಗರ್, ಡಿರೇಲರ್, ಚಕ್ರ ಮೂರೂ ಹೋಗುತ್ತವೆ. ಬಲಕ್ಕೆ ಬಿದ್ದ ಮೇಲೆ ಹಿಂದೆ ನಿಂತು ನೋಡಿ. ಡಿರೇಲರಿನ ಎರಡು ಪುಟ್ಟ ಗಾಲಿಗಳು ಹಲ್ಲುಚಕ್ರದ ನೇರಕ್ಕೆ ಇಲ್ಲದಿದ್ದರೆ ಆ ದೊಡ್ಡ ಗೇರಿಗೆ ಹೋಗಲೇಬೇಡಿ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ ಹ್ಯಾಂಗರ್ ಇರುವುದರಿಂದ ನಿಮ್ಮದು ಕೊಡಗಿನ ಅಂಗಡಿಯಲ್ಲಿ ಸಿಗುತ್ತದೆಂಬ ನಂಬಿಕೆ ಬೇಡ. ಮನೆಯಿಂದಲೇ ಒಂದು ತನ್ನಿ, ತೂಕ ಏನೂ ಇಲ್ಲ.

ಹ್ಯಾಂಗರ್ ಮುರಿದೇ ಹೋಯಿತು, ಇನ್ನೊಂದು ಇಲ್ಲ ಅಂದರೆ ಡಿರೇಲರ್ ಬಿಚ್ಚಿ, ಚೈನ್ ಕಟ್ಟರಿನಿಂದ ಚೈನು ಗಿಡ್ಡ ಮಾಡಿ ಒಂದೇ ಗೇರಿನ ಸೈಕಲ್ ಮಾಡಿಕೊಳ್ಳಬಹುದು. ಪೆಡಲಿನ ಬಳಿಯ ಹಲ್ಲುಚಕ್ರಕ್ಕೂ ಹಿಂದಿನದಕ್ಕೂ ಚೈನು ನೇರವಾಗಿರುವ ಜಾಗವನ್ನೇ ಆರಿಸಿ. ಓರೆಯಾದರೆ ಚೈನು ತಾನಾಗೇ ಪಕ್ಕದ ದೊಡ್ಡದಕ್ಕೆ ಏರಿ ಬಿಗಿದು ನಿಲ್ಲುತ್ತದೆ. ಚೈನು ಕೂಡಿಸುವ ಕ್ವಿಕ್ ಲಿಂಕ್ ನಿಮ್ಮ ಗೇರಿನ ಸಂಖ್ಯೆಯದ್ದೇ ಆಗಿರಬೇಕು. 9 ಸ್ಪೀಡಿನದು 11 ಸ್ಪೀಡಿನ ಚೈನಿಗೆ ಆಗುವುದಿಲ್ಲ.

ಪಂಕ್ಚರ್ ಎಲ್ಲರಿಗೂ ಗೊತ್ತಿರುವ ವಿಷಯ, ಹಾಗಾಗಿ ಮಲೆನಾಡಿಗೆ ಬೇಕಾದಷ್ಟು ಮಾತ್ರ. ಟ್ಯೂಬಿಗೆ ಹಚ್ಚಿದ ಸೊಲ್ಯೂಷನ್ ಒಣಗಿ ಅಂಟುವ ಹದಕ್ಕೆ ಬಂದ ಮೇಲೆ ಪ್ಯಾಚ್ ಒತ್ತಬೇಕು. ಜುಲೈನ ಮಳೆಯಲ್ಲಿ ರಸ್ತೆಬದಿ ನಿಂತು ಆ ಕೆಲಸ ಆಗುವ ಮಾತಲ್ಲ. ಎರಡು ಹೊಸ ಟ್ಯೂಬ್ ಇಟ್ಟುಕೊಂಡು ದಾರಿಯಲ್ಲಿ ಬದಲಿಸಿ, ಪ್ಯಾಚ್ ಕೆಲಸ ರಾತ್ರಿ ರೂಮಿನಲ್ಲಿ ಮಾಡಿ. ಅಕ್ಕಪಕ್ಕ ಎರಡು ತೂತಿದ್ದರೆ ಅದು ಮುಳ್ಳಲ್ಲ; ಗಾಳಿ ಕಡಿಮೆಯಿದ್ದು, ಹೊಂಡಕ್ಕೆ ಇಳಿದಾಗ ರಿಮ್ ಟ್ಯೂಬನ್ನು ಕಚ್ಚಿದೆ. ಒಂದೇ ತೂತಾದರೆ ಮುಳ್ಳೋ ಗಾಜೋ ಇನ್ನೂ ಟೈರಿನಲ್ಲೇ ಇರಬಹುದು. ಒಳಗೆ ಬೆರಳಾಡಿಸಿ ಹುಡುಕದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋದೀತು. ಇನ್ನು ಸಪೂರ ವಾಲ್ವಿನ ಪ್ರೆಸ್ಟಾ ಟ್ಯೂಬ್ ಇರುವವರು ಪುಟ್ಟ ಹಿತ್ತಾಳೆ ಅಡಾಪ್ಟರ್ ಮರೆಯಬಾರದು. ನಮ್ಮ ಪಂಕ್ಚರ್ ಅಂಗಡಿಗಳ ಗಾಳಿ ಪೈಪು ಬೈಕು, ಕಾರಿನ ವಾಲ್ವಿಗೆ ಮಾತ್ರ ಕೂರುತ್ತದೆ.

ಹಿಂದಿನ ಚಕ್ರದ ಕಡ್ಡಿ ಮುರಿದರೆ ಅದನ್ನು ಪಕ್ಕದ ಕಡ್ಡಿಗೆ ಸುತ್ತಿ ಟೇಪ್ ಹಾಕಿ. ಚಕ್ರ ಓಲಾಡಿ ಬ್ರೇಕ್ ರಬ್ಬರಿಗೆ ತಾಗುತ್ತಿದ್ದರೆ ಅಕ್ಕಪಕ್ಕದ ಕಡ್ಡಿಗಳನ್ನು ಅರ್ಧ ಸುತ್ತು ಸಡಿಲಿಸಿ, ಲಗೇಜನ್ನು ಜೊತೆಗಾರರಿಗೆ ಹಂಚಿ.

ಈಗ ಬ್ರೇಕಿಗೆ ಬರೋಣ. ಮಳೆಗಾಲದಲ್ಲಿ ನಮ್ಮ ರಸ್ತೆಗೆ ಇಳಿಯುವ ಕೆಂಪು ಮಣ್ಣು, ಮರಳು ರಿಮ್ಮಿಗೋ ಡಿಸ್ಕಿಗೋ ಅಂಟಿ ಪ್ಯಾಡನ್ನು ಉಪ್ಪುಕಾಗದ ಉಜ್ಜಿದಂತೆ ತಿನ್ನುತ್ತವೆ. ಅರ್ಧ ಸವೆದ ರೆಸಿನ್ (ರಾಳದ, ಮೆತ್ತಗಿನ) ಪ್ಯಾಡ್ ಒಂದೇ ಘಾಟಿಯಲ್ಲಿ ಲೋಹಕ್ಕೆ ಲೋಹ ತಾಗುವ ಸ್ಥಿತಿಗೆ ಬರಬಹುದು. ಆದ್ದರಿಂದ ಅರ್ಧ ಸವೆದದ್ದನ್ನು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಬದಲಿಸಿಯೇ ಇಳಿಯಿರಿ. "ಇನ್ನೂ ಸ್ವಲ್ಪ ಇದೆ" ಎನ್ನುವ ಮಾತು ಬಯಲು ಸೀಮೆಗೆ ಸರಿ. ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ. ರಿಮ್ ಬ್ರೇಕಿನಲ್ಲಿ ಸತತ ಉಜ್ಜಿದರೆ ರಿಮ್ ಕಾದು, ಟ್ಯೂಬಿನ ಒತ್ತಡ ಏರಿ, ಟೈರು ಸಿಡಿಯುವುದೂ ಇದೆ. ನಡುವೆ ನಿಂತು ಆರಿಸಿ, ಆದರೆ ಮಳೆಯಲ್ಲಿ, ರಸ್ತೆಗಾಗಿ ಗುಡ್ಡ ಕಡಿದ ಬರೆಯ ಕೆಳಗೆ ನಿಲ್ಲಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದದ್ದನ್ನು ಇಲ್ಲಿಯವರು ಮರೆತಿಲ್ಲ.

ಕೇಬಲ್ ಬದಲು ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಇರುವವರಿಗೆ ಎರಡು ಮಾತು. ಚಕ್ರ ಬಿಚ್ಚಿದಾಗ ಲಿವರ್ ಒತ್ತಬೇಡಿ. ಪಿಸ್ಟನ್ ಹೊರಬಂದು ಪ್ಯಾಡ್‌ಗಳು ಕೂಡಿಕೊಂಡರೆ ಡಿಸ್ಕು ಒಳಗೆ ಹೋಗುವುದಿಲ್ಲ. ಲಿವರ್ ಮೆತ್ತಗಾಯಿತೆಂದು ಬೈಕ್ ಗ್ಯಾರೇಜಿಗೆ ಹೋದರೆ ಪ್ರೀತಿಯಿಂದಲೇ ಬೈಕಿನ ಬ್ರೇಕಿಗೆ ಹಾಕುವ ಡಾಟ್ ದ್ರವ ಹಾಕಿಕೊಡುತ್ತಾರೆ. ಶಿಮಾನೊ ಬ್ರೇಕಿಗೆ ಬೇಕಾದದ್ದು ಮಿನರಲ್ ಆಯಿಲ್. ಡಾಟ್ ದ್ರವ ಬಿದ್ದರೆ ಒಳಗಿನ ರಬ್ಬರ್ ಸೀಲು ಉಬ್ಬಿ ಇಡೀ ಬ್ರೇಕು ಹಾಳಾಗುತ್ತದೆ.

ಮುಂದಿನ ಬ್ರೇಕ್ ಘಾಟಿಯ ನಡುವೆ ಹೋದರೆ ಹಿಂದಿನದನ್ನು ನಂಬಿ ಇಳಿಯಬೇಡಿ, ಕೆಳಗಿಳಿದು ತಳ್ಳಿ. ಕೊಡಗಿಗೆ ರೈಲಿಲ್ಲ, ಆದರೆ ಕಾಫಿ, ಕರಿಮೆಣಸು ಸಾಗಿಸುವ ಪಿಕಪ್, ಜೀಪುಗಳಿಗೆ ಬರವಿಲ್ಲ. ಸೈಕಲನ್ನು ಕಾಣುವಂತೆ ನಿಲ್ಲಿಸಿ ಕೈ ಅಡ್ಡ ಹಿಡಿಯಿರಿ. ವಿರಾಜಪೇಟೆಯಿಂದ ಕೇರಳದ ಕಡೆ ಇಳಿಯುವ ಮಾಕುಟ್ಟದ ಕಾಡಿನ ದಾರಿಯಲ್ಲಿ ಫೋನ್ ಸಿಗ್ನಲ್ ನಂಬುವಂತಿಲ್ಲ, ಅಲ್ಲಿ ಇದೇ ಉಪಾಯ.

ಟ್ಯೂಬು, ಟೈರು, ರಿಮ್ ಯಾವುದರ ಮುಖವನ್ನೂ ನೋಡಬಾರದ ಜಾಗಗಳೂ ಇವೆ. ತಿತಿಮತಿ, ಮಾಲ್ದಾರೆ, ಸಿದ್ದಾಪುರದ ಕಡೆ ಸಂಜೆಯಾಗುತ್ತಿದ್ದಂತೆ ಆನೆಗಳು ರಸ್ತೆ ದಾಟುತ್ತವೆ, ತೋಟದೊಳಗೂ ಇರುತ್ತವೆ. ಅಲ್ಲಿ ಹೊತ್ತು ಮುಳುಗುವಾಗ ಪಂಕ್ಚರ್ ಆದರೆ ಚಕ್ರ ಬಿಚ್ಚಿ ಕೂರಬೇಡಿ. ಮುಂದಿನ ಚಕ್ರದ್ದಾದರೆ ತಳ್ಳಿಕೊಂಡು, ಹಿಂದಿನದ್ದಾದರೆ ಗಾಳಿಯಿಲ್ಲದ ಚಕ್ರದಲ್ಲೇ ಮೆಲ್ಲಗೆ ತುಳಿದುಕೊಂಡು ಮೊದಲು ಸಿಗುವ ಮನೆ ಅಥವಾ ಅಂಗಡಿ ಸೇರಿ. ಟ್ಯೂಬು ಚಿಂದಿಯಾಗಲಿ, ರಿಮ್ ಸೊಟ್ಟಗಾಗಲಿ, ಮರುದಿನ ಹೊಸದು ಹಾಕಿಸೋಣ.