ಮಿದುಳಿನ ಅಧ್ಯಯನ: ಎಫ್‌ಎಂಆರ್‌ಐ ಸಂಕೇತ ಇಳಿಯದೆ ಏರುವುದೇಕೆ?

ಮಿದುಳನ್ನು ವಿಜ್ಞಾನಿಗಳು ಅಧ್ಯಯನ ಮಾಡುವ ವಿಧಾನಗಳ ಪಾಠದಲ್ಲಿ ನಾನು ಎರಡು ವಾರ ಸಿಕ್ಕಿಹಾಕಿಕೊಂಡಿದ್ದು ಒಂದೇ ಒಂದು ವಾಕ್ಯದಲ್ಲಿ: ‘ಮಿದುಳಿನ ಯಾವ ಭಾಗ ಕೆಲಸದಲ್ಲಿ ತೊಡಗುತ್ತದೆಯೋ ಆ ಭಾಗದಲ್ಲಿ ಎಫ್‌ಎಂಆರ್‌ಐ ಸಂಕೇತ ಏರುತ್ತದೆ.’ (ಎಫ್‌ಎಂಆರ್‌ಐ ಎಂದರೆ ಬಲವಾದ ಕಾಂತಕ್ಷೇತ್ರವಿರುವ ಯಂತ್ರದಿಂದ, ಕೆಲಸ ಮಾಡುತ್ತಿರುವ ಮಿದುಳಿನ ಚಿತ್ರ ಪಡೆಯುವ ವಿಧಾನ.) ಆ ಸಂಕೇತ ಏರಬಾರದು, ಇಳಿಯಬೇಕು ಎಂದು ನನಗೆ ಬಲವಾಗಿ ಅನ್ನಿಸಿತ್ತು. ಆ ಗಂಟು ಬಿಡಿಸಿಕೊಂಡ ಬಗೆ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಹಳೆಯ ವಿಧಾನದಿಂದ ಆರಂಭಿಸಬೇಕು, ಏಕೆಂದರೆ ಕೊನೆಗೆ ಅದಕ್ಕೇ ಮರಳಬೇಕಾಗುತ್ತದೆ. 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ, ‘ಟಾನ್’ ಎಂಬ ಉಚ್ಚಾರವನ್ನು ಬಿಟ್ಟು ಹೆಚ್ಚೇನನ್ನೂ ನುಡಿಯಲಾಗದ, ಆದರೆ ಇತರರ ಮಾತು ಅರ್ಥವಾಗುತ್ತಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡಭಾಗದ ಮುಂಹಾಲೆಯಲ್ಲಿ (ಹಣೆಯ ಹಿಂದಿರುವ ಭಾಗದಲ್ಲಿ) ಹಾನಿಯನ್ನು ಕಂಡನು. ಉದ್ಯಾವರದ ನನ್ನ ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದ ಮೇಲೆ ಉಳಿದದ್ದೂ ‘ಅಂದ್’ ಎಂಬ ಒಂದೇ ತುಳು ಮಾತು. ಮೂರು ಊದುಬತ್ತಿ ಕೊಡಿ ಎಂದು ಕೇಳಿದರೆ ಅವರು ಪೊಟ್ಟಣದಿಂದ ಸರಿಯಾಗಿ ಮೂರನ್ನೇ ಎಣಿಸಿ ನನ್ನ ಅಂಗೈಯಲ್ಲಿ ಇಡುತ್ತಿದ್ದರು. ಅದರ ಹೆಸರು ಕೇಳಿದರೆ ತುಟಿ ನಡುಗಿ, ಬಹಳ ಹೊತ್ತಿನ ಮೇಲೆ, ‘ಅಂದ್’ ಎನ್ನುತ್ತಿದ್ದರು. ಅರ್ಥಮಾಡಿಕೊಳ್ಳುವುದೂ ನುಡಿಯುವುದೂ ಬೇರೆ ಬೇರೆ ಎಂಬುದನ್ನು ನಾನು ಮೊದಲು ಕಲಿತದ್ದು ಅವರಿಂದ.

ಮಿದುಳಿನ ವಿದ್ಯುತ್ತನ್ನು ತಲೆಯ ಹೊರಗಿನಿಂದ ದಾಖಲಿಸುವ ಇಇಜಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ವಿದ್ಯುತ್ ಅಲೆಗಳನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದನು. ಅದು ಮಿಲಿಸೆಕೆಂಡುಗಳ ಬದಲಾವಣೆಯನ್ನೂ ಹಿಡಿಯುತ್ತದೆ. ಆದರೆ ತಲೆಬುರುಡೆಯನ್ನು ದಾಟಿ ಬರುವಾಗ ವಿದ್ಯುತ್ತು ಹರಡಿಕೊಳ್ಳುವುದರಿಂದ, ಅಲೆ ಎಲ್ಲಿ ಹುಟ್ಟಿತೆಂಬುದನ್ನು ನಿಖರವಾಗಿ ತೋರಿಸುವುದಿಲ್ಲ.

ಈಗ ನನ್ನ ಗಂಟಿಗೆ ಬರುತ್ತೇನೆ. ಮಣಿಪಾಲದ ಅಂಗರಚನಾ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಜಾಡಿಯೊಳಗಿನ ಮಿದುಳನ್ನು ನೋಡುವಾಗ ನನ್ನ ಕಣ್ಣು ಮಡಿಕೆಗಳ ಮೇಲಷ್ಟೇ ಇತ್ತು. ಆ ಮಡಿಕೆಗಳ ಸಂದಿನಲ್ಲಿ ಕವಲೊಡೆದು ಸಾಗುವ ಸಣ್ಣ ರಕ್ತನಾಳಗಳನ್ನು ಗಮನಿಸಲಿಲ್ಲ. ಎಫ್‌ಎಂಆರ್‌ಐ ಅಳೆಯುವುದು ನರಕೋಶಗಳ ವಿದ್ಯುತ್ತನ್ನಲ್ಲ, ಅಂತಹ ನಾಳಗಳಲ್ಲಿ ನಡೆಯುವ ಬದಲಾವಣೆಯನ್ನು. ಆಮ್ಲಜನಕವನ್ನು ಬಿಟ್ಟುಕೊಟ್ಟ ಹೀಮೋಗ್ಲೋಬಿನ್ ಕಾಂತಕ್ಷೇತ್ರಕ್ಕೆ ಸೆಳೆಯಲ್ಪಡುತ್ತದೆ, ಆಮ್ಲಜನಕ ಹೊತ್ತದ್ದು ಹಾಗಲ್ಲ ಎಂಬುದನ್ನು ಪಾಲಿಂಗ್ ಮತ್ತು ಕೋರಿಯೆಲ್ ಎಂಬ ವಿಜ್ಞಾನಿಗಳು 1936ರಲ್ಲೇ ತೋರಿಸಿದ್ದರು. ಆಮ್ಲಜನಕ ಕಳೆದುಕೊಂಡ ಹೀಮೋಗ್ಲೋಬಿನ್ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಕದಡಿ ಸಂಕೇತವನ್ನು ತಗ್ಗಿಸುತ್ತದೆ. ಇದನ್ನೇ ಬಳಸಿ ಮಿದುಳಿನ ಚಿತ್ರ ಪಡೆಯಬಹುದೆಂದು 1990ರಲ್ಲಿ ಸೇಜಿ ಒಗಾವಾ ತೋರಿಸಿದರು.

ಹಾಗಿದ್ದರೆ, ಕೆಲಸ ಮಾಡುವ ಭಾಗ ಆಮ್ಲಜನಕವನ್ನು ಹೆಚ್ಚು ಬಳಸಬೇಕು, ಆಮ್ಲಜನಕವಿಲ್ಲದ ಹೀಮೋಗ್ಲೋಬಿನ್ ಹೆಚ್ಚಬೇಕು, ಸಂಕೇತ ಇಳಿಯಬೇಕು. ನನ್ನ ತರ್ಕದಲ್ಲಿ ತಪ್ಪಿರಲಿಲ್ಲ, ಒಂದು ಸಂಗತಿ ಬಿಟ್ಟುಹೋಗಿತ್ತು. 1986ರಲ್ಲಿ ಫಾಕ್ಸ್ ಮತ್ತು ರೈಕಲ್ ಎಂಬವರು ಪೆಟ್ ಸ್ಕ್ಯಾನ್ (ದೇಹಕ್ಕೆ ಸೇರಿಸಿದ ವಿಕಿರಣಶೀಲ ವಸ್ತುವಿನ ಜಾಡು ಹಿಡಿಯುವ ವಿಧಾನ) ಬಳಸಿ, ಬೆರಳುಗಳಿಗೆ ಕಂಪನ ಕೊಟ್ಟಾಗ ಸ್ಪರ್ಶಕ್ಕೆ ಸಂಬಂಧಿಸಿದ ಭಾಗದಲ್ಲಿ ಏನಾಗುತ್ತದೆಂದು ಅಳೆದರು. ರಕ್ತದ ಹರಿವು ಸುಮಾರು ಶೇ. 29ರಷ್ಟು ಏರಿತು, ಆಮ್ಲಜನಕದ ಬಳಕೆ ಏರಿದ್ದು ಸುಮಾರು ಶೇ. 5ರಷ್ಟು ಮಾತ್ರ.

ನಮ್ಮ ತುಳುನಾಡಿನ ದೈವಾರಾಧನೆಯಾದ ನೇಮದ ದಿನ ಅಡುಗೆ ಕೊಟ್ಟಿಗೆಗೆ ಬಾವಿಯಿಂದ ಸಾಲಾಗಿ ನೀರು ಹೊರುವುದನ್ನು ನೆನೆದಾಗ ನನಗಿದು ಅರ್ಥವಾಯಿತು. ಕೊಡಗಳು ಒಂದು ಬಾಗಿಲಿನಿಂದ ಒಳಬಂದು ಇನ್ನೊಂದರಿಂದ ಹೊರಹೋಗುತ್ತವೆ ಎಂದಿಟ್ಟುಕೊಳ್ಳಿ. ಕೊಡವೆಂದರೆ ಹೀಮೋಗ್ಲೋಬಿನ್, ನೀರೆಂದರೆ ಆಮ್ಲಜನಕ. ಗಂಟೆಗೆ 100 ಕೊಡ ಬರುತ್ತದೆ, 40 ಖಾಲಿಯಾಗುತ್ತದೆ, 60 ತುಂಬಿದ್ದಂತೆಯೇ ದಾಟಿಹೋಗುತ್ತದೆ. ಅಡುಗೆ ಜೋರಾದಾಗ 129 ಕೊಡ ಬರುತ್ತದೆ, ಖಾಲಿಯಾಗುವುದು 42. ನಾನು ಮತ್ತೆ ಎಡವಿದ್ದು ಇಲ್ಲಿ: 40 ಇದ್ದದ್ದು 42 ಆಯಿತಲ್ಲ, ಖಾಲಿ ಕೊಡ ಹೆಚ್ಚಾದಂತಾಯಿತಲ್ಲ? ಆದರೆ ಯಂತ್ರ ಗಂಟೆಯ ಲೆಕ್ಕವನ್ನು ನೋಡುವುದಿಲ್ಲ. ಒಂದು ಕ್ಷಣದಲ್ಲಿ ಹೊರಬಾಗಿಲ ಹಾದಿಯಲ್ಲಿ ಎಷ್ಟು ಖಾಲಿ ಕೊಡಗಳಿವೆ ಎಂಬುದನ್ನಷ್ಟೇ ನೋಡುತ್ತದೆ. ಆ ಹಾದಿಯಲ್ಲಿ, ಅಂದರೆ ರಕ್ತವನ್ನು ಹೊರಗೊಯ್ಯುವ ನಾಳವಾದ ಅಭಿಧಮನಿಯಲ್ಲಿ, ಒಮ್ಮೆಗೆ ಹಿಡಿಸುವುದು 10 ಕೊಡ ಎಂದಾದರೆ ಮೊದಲು ಅದರಲ್ಲಿ 4 ಖಾಲಿ ಇದ್ದವು. ಈಗ 42ನ್ನು 129ರಿಂದ ಭಾಗಿಸಿದರೆ ಬರುವುದು ಸುಮಾರು ಶೇ. 33, ಅಂದರೆ ಮೂರು ಚಿಲ್ಲರೆ. ಲೆಕ್ಕಕ್ಕೆ ಬರುವುದು ಒಟ್ಟು ಸಂಖ್ಯೆಯಲ್ಲ, ಪ್ರಮಾಣ. (ನಾಳ ತುಸು ಹಿಗ್ಗುವುದೂ ಉಂಟು, ಅದರಿಂದ ಒಟ್ಟು ದಿಕ್ಕು ಬದಲಾಗುವುದಿಲ್ಲ.) ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಇಲ್ಲಿಗೆ ಎಳೆದುಕೊಂಡರೆ ಪರೀಕ್ಷೆಯ ದಿನ ಮರೆಯುವುದಿಲ್ಲ: ಕದಡುವುದು ಖಾಲಿಯಾದದ್ದು, ಅದರ ಪಾಲು ಕುಗ್ಗಿತು, ಸಂಕೇತ ಏರಿತು.

ಇಷ್ಟು ತಿಳಿದರೆ ಉಳಿದದ್ದು ತಾನಾಗಿ ಬರುತ್ತದೆ. ರಕ್ತ ಬಂದು ಸೇರಲು ಹೊತ್ತು ಹಿಡಿಯುವುದರಿಂದ ಸಂಕೇತ ತುದಿ ಮುಟ್ಟುವುದು ಐದಾರು ಸೆಕೆಂಡುಗಳ ನಂತರ. ಏರಿಕೆ ಸಾಮಾನ್ಯವಾಗಿ ನೂರಕ್ಕೆ ಕೆಲವೇ ಪಾಲು ಆಗಿರುವುದರಿಂದ, ಬೆರಳು ಆಡಿಸುವ ಮತ್ತು ಸುಮ್ಮನಿರುವ ಸರದಿಗಳನ್ನು ಹಲವು ಬಾರಿ ನಡೆಸಿ ಹೋಲಿಸಬೇಕು. ಚಿತ್ರದ ಕೆಂಪು, ಹಳದಿ ಬಣ್ಣಗಳು ಆ ಹೋಲಿಕೆಯ ಲೆಕ್ಕದಿಂದ ಬಂದವು. ಮಿದುಳಿನಲ್ಲಿ ಏನೂ ಹೊಳೆಯುವುದಿಲ್ಲ. ಮೂರು ಮಿಲಿಮೀಟರ್ ಅಗಲದ ಒಂದು ಚುಕ್ಕೆಯಲ್ಲಿಯೇ ಲಕ್ಷಾಂತರ ನರಕೋಶಗಳಿರುತ್ತವೆ.

ಆದರೂ ಒಂದು ಪ್ರಶ್ನೆಗೆ ಈ ಚಿತ್ರದಲ್ಲಿ ಉತ್ತರವಿಲ್ಲ. ಮಾತನಾಡುವಾಗ ಹತ್ತು ಕಡೆ ಬಣ್ಣ ಕಂಡರೆ, ಅವುಗಳಲ್ಲಿ ಯಾವುದಿಲ್ಲದೆ ಮಾತು ಸಾಧ್ಯವಿಲ್ಲ ಎಂಬುದನ್ನು ತಿಳಿಯುವುದು ಹೇಗೆ? ಅದನ್ನು ಹಾನಿಯೇ ತೋರಿಸಬೇಕು, ಬ್ರೋಕಾನ ರೋಗಿಯಲ್ಲಿ ತೋರಿಸಿದಂತೆ. ಶಾಶ್ವತ ಹಾನಿಯಿಲ್ಲದೆ ಇದಕ್ಕೆ ಹತ್ತಿರವಾದದ್ದನ್ನು ಮಾಡಲು 1985ರಲ್ಲಿ ಇಂಗ್ಲೆಂಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ದಾರಿ ತೆರೆದರು. ತಲೆಯ ಮೇಲೆ ಹಿಡಿದ ತಂತಿ ಸುರುಳಿಯಲ್ಲಿ ಕ್ಷಣಮಾತ್ರ ವಿದ್ಯುತ್ ಹಾಯಿಸಿದಾಗ ಕಾಂತಕ್ಷೇತ್ರವು ಬುರುಡೆಯನ್ನು ದಾಟಿ ಚಲನೆಯ ಭಾಗವನ್ನು ಪ್ರಚೋದಿಸಿತು, ಕೈಯ ಸ್ನಾಯು ಅದುರಿತು. ಈಗ ಅದೇ ಬಗೆಯ ಸುರುಳಿಯನ್ನು ಎಡ ಮುಂಹಾಲೆಯ ಮೇಲೆ ಹಿಡಿದು, ಎಣಿಸುತ್ತಿರುವ ವ್ಯಕ್ತಿಯ ಮಾತನ್ನು ಕೆಲವು ಕ್ಷಣ ತಡೆದು, ಸುರುಳಿ ನಿಂತೊಡನೆ ಮಾತು ಮರಳುವುದನ್ನು ಕಾಣಬಹುದು.