ಕಸ ಬೀಳುವ ತನಕ ಕರುವಿಗೆ ಹಾಲು ಬಿಡಬಾರದಾ?

ಪ್ರಶ್ನೆ: ನಮ್ಮದು ಬೆಂಗಳೂರಿನ ಆನೇಕಲ್ ಕಡೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಈಗ ತುಂಬು ಗಬ್ಬ. ಕಸ (ಈಯ್ದ ಮೇಲೆ ಹೊರಬರುವ ಮಾಸು) ಬೀಳೋ ತನಕ ಕರುವಿಗೆ ಹಾಲು ಬಿಡಬೇಡಿ ಅಂತ ಮನೆಯ ಹಿರಿಯರು ಹೇಳ್ತಾರೆ. ಹಾಗೇ ಮಾಡಬೇಕಾ?

ಉತ್ತರ: ದಯವಿಟ್ಟು ಕಾಯಬೇಡಿ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಅದರ ಹೊಟ್ಟೆ ಸೇರಲೇಬೇಕು.

ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿರುವಾಗ ಕರುವಿಗೆ ದಾಟುವುದಿಲ್ಲ. ಮನುಷ್ಯರ ಮಗುವಿಗೆ ದಾಟುತ್ತೆ, ಕರುವಿಗೆ ಇಲ್ಲ. ಅದು ಬರೋದೇ ಗಿಣ್ಣಿನಿಂದ. ಆ ಶಕ್ತಿಯನ್ನು ಹಾಗೇ ರಕ್ತಕ್ಕೆ ಎಳೆದುಕೊಳ್ಳುವ ಗುಣ ಕರುವಿನ ಕರುಳಿಗೆ ಇರೋದು ಮೊದಲ ಕೆಲವು ಗಂಟೆ ಮಾತ್ರ. ಗಂಟೆ ಗಂಟೆಗೂ ಕಮ್ಮಿಯಾಗುತ್ತಾ, 24 ಗಂಟೆಗೆ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಕಸ ಬೀಳೋದಕ್ಕೆ ಕೆಲವೊಮ್ಮೆ 12 ಗಂಟೆ ಹಿಡಿಯುತ್ತೆ. ಅಷ್ಟು ಹೊತ್ತು ಕಾದರೆ ಕರುವಿಗೆ ನಷ್ಟ ಆಗಿಯೇ ಹೋಯ್ತು. ವಾರದೊಳಗೆ ಭೇದಿಯಾಗಿ ಸಾಯುವ ಕರುಗಳಲ್ಲಿ ಎಷ್ಟೋ ಇಂಥವೇ.

ಇನ್ನೊಂದು ಮಾತು ಹಿರಿಯರಿಗೂ ಹೇಳಿ. ಕರು ಮೊಲೆ ಚೀಪಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಬಿಡುಗಡೆಯಾಗಿ ಗರ್ಭಕೋಶ ಕುಗ್ಗುತ್ತದೆ. ಕಸ ಬೀಳೋದಕ್ಕೆ ಅದರಿಂದ ಅನುಕೂಲವೇ.

ಎಷ್ಟು ಕುಡಿಸಬೇಕು? 30 ಕೆಜಿ ಕರುವಿಗೆ ಮೊದಲ ದಿನ ಕನಿಷ್ಠ 3 ಲೀಟರ್, ಅದರಲ್ಲಿ ಅರ್ಧದಷ್ಟು ಮೊದಲ ಸಲವೇ. ಕೆಚ್ಚಲು ತೊಳೆದು ಒರೆಸಿ, ಮೊದಲ ಒಂದೆರಡು ಧಾರೆ ಹೊರಗೆ ಹಿಂಡಿ, ಆಮೇಲೆ ಬಿಡಿ. ಮೊಲೆ ಹಿಡಿಯದಿದ್ದರೆ ನಿಪ್ಪಲ್ ಬಾಟಲಿ ಬಳಸಿ. ಗೊಟ್ಟದಲ್ಲಿ (ದನಗಳ ಬಾಯಿಗೆ ಔಷಧಿ ಸುರಿಯುವ ಬಿದಿರಿನ ಕೊಳವೆ) ಮಾತ್ರ ಸುರಿಯಬೇಡಿ. ಮೂತಿ ಮೇಲೆತ್ತಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತೆ. ಗಿಣ್ಣು ಆರಿದ್ದರೆ ಪಾತ್ರೆಯನ್ನು ಬಿಸಿನೀರಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ. ಒಲೆ ಮೇಲಿಟ್ಟರೆ ಗಟ್ಟಿಯಾಗುತ್ತೆ, ಅದರ ಶಕ್ತಿಯೂ ಹಾಳಾಗುತ್ತೆ.

ಬೆಂಗಳೂರಲ್ಲಿ ಗಿಣ್ಣು ಅಂದರೆ ಎಲ್ಲರಿಗೂ ಪ್ರಾಣ. ಹಸು ಈಯ್ದ ಸುದ್ದಿ ತಿಳಿದರೆ ಸಾಕು, ಅಕ್ಕಪಕ್ಕದವರು ಪಾತ್ರೆ ಹಿಡಿದು ಬರ್ತಾರೆ. ಕೊಡಬೇಡಿ ಅನ್ನಲ್ಲ, ಎಚ್‌ಎಫ್ ಹಸುವಿನಲ್ಲಿ ಗಿಣ್ಣು ಕರುವಿಗೆ ಮಿಕ್ಕುತ್ತೆ ಕೂಡ. ಆದರೆ ಮೊದಲ ಸಲ ಕರೆದದ್ದು ಕರುವಿಗೇ ಇರಲಿ. ಗಂಡು ಕರು ಅಂತ ಕಡೆಗಣಿಸಬೇಡಿ, ಅದೂ ಜೀವ ಅಲ್ವಾ?

ಹೊಕ್ಕುಳನ್ನೂ ಮರೆಯಬೇಡಿ. ಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ, ಒಣಗುವ ತನಕ ದಿನಕ್ಕೆರಡು ಸಲ. ಇಲ್ಲದಿದ್ದರೆ ಸಗಣಿ ನೆಲದ ಸೋಂಕು ಹೊಕ್ಕುಳಿಂದ ಒಳಹೊಕ್ಕು ಕೀಲು ಬಾತುಕೊಳ್ಳಬಹುದು. ಹುಲ್ಲು ಹಾಸಿ, ಒಣಗಿದ ಜಾಗದಲ್ಲಿ ಮಲಗಿಸಿ.

12 ಗಂಟೆ ಕಳೆದರೂ ಕಸ ಬೀಳದಿದ್ದರೆ ಕೈಯಿಂದ ಎಳೆಯಬೇಡಿ, ಅದಕ್ಕೆ ಕಲ್ಲು ಕಟ್ಟಬೇಡಿ. ಹತ್ತಿರದ ಪಶು ವೈದ್ಯರನ್ನು ಕರೆಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.