ಹೊಗೆ ಕಾಣದ ಕೆಂಡ: ಮನೆಯೊಳಗಿನ ಗಾಳಿಯ ಬಗ್ಗೆ ಟಿಪ್ಪಣಿ

ನಮ್ಮಕ್ಕನ ಬಾಣಂತನದ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಥಂಡಿ ತಾಗಬಾರದು ಅಂತ ಕಿಟಕಿಗೆ ಹಳೇ ಸೀರೆ ಕಟ್ಟಿದ್ದರು. ಮಂಚದ ಪಕ್ಕ ಕೆಂಡದ ಅಗ್ಗಿಷ್ಟಿಕೆ. ಮಗುವಿಗೆ ಎರೆದ ಮೇಲೆ ಅಜ್ಜಿ ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿ ಉದುರಿಸಿ, ಒದ್ದೆ ತಲೆಯನ್ನು ಹೊಗೆಗೆ ಹಿಡಿಯುತ್ತಿದ್ದರು. ಮಗು ಎರಡು ಸಲ ಸೀನಿ ಮುಖ ಕಿವುಚುತ್ತಿತ್ತು. ಈ ಟಿಪ್ಪಣಿ ಓದುವಾಗ ಇಂಥ ಒಂದು ಕೋಣೆಯನ್ನು ಕಣ್ಮುಂದೆ ಇಟ್ಟುಕೊಳ್ಳಿ, ಸಲೀಸಾಗಿ ಅರ್ಥವಾಗುತ್ತದೆ.

ಅಲ್ಲಿ ಇರುವುದು ಎರಡು ಬೇರೆ ಬೇರೆ ತೊಂದರೆ. ಎರಡೂ ಒಂದೇ ಅಂದುಕೊಳ್ಳುವವರೇ ಜಾಸ್ತಿ.

ಮೊದಲನೆಯದು ಕಾಣುವ ಹೊಗೆ. ಅದರಲ್ಲಿ ಪಿಎಂ 2.5 ಎಂಬ ಕಣಗಳಿರುತ್ತವೆ. ಅಳತೆ 2.5 ಮೈಕ್ರೋಮೀಟರ್ ಅಥವಾ ಅದಕ್ಕೂ ಸಣ್ಣದು. ಮೂಗು, ಗಂಟಲು ಇವನ್ನು ತಡೆಯಲಾರವು. ಶ್ವಾಸಕೋಶದ ಗಾಳಿಚೀಲಗಳವರೆಗೂ ಇಳಿಯುತ್ತವೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಅದಕ್ಕೇ ಕೆಮ್ಮು, ಉಬ್ಬಸದ ಜೊತೆಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಇದೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಹಸುಗೂಸು 40ರಿಂದ 60 ಸಲ ಉಸಿರಾಡುತ್ತದೆ. ಅಷ್ಟು ಚಿಕ್ಕ ಮೈಗೆ ಅದೆಷ್ಟು ಹೊಗೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಸುಮಾರು 32 ಲಕ್ಷ ಜನ ತೀರಿಕೊಂಡರು. ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಐದು ವರ್ಷ ತುಂಬದ ಮಕ್ಕಳು. ಈ ಅಂಕಿ ಬರೆದುಕೊಳ್ಳುವಾಗ ನನ್ನ ಕೈ ಸ್ವಲ್ಪ ಹೊತ್ತು ನಿಂತಿತ್ತು.

ಸೌದೆ ಒಲೆಗೆ ಚಿಮಣಿ ಕೊಟ್ಟರೆ ಈ ಹೊಗೆ ಹೊರಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ ಇದಕ್ಕೆ ಒಳ್ಳೆಯ ಉದಾಹರಣೆ.

ಎರಡನೆಯದು ಕಾಣುವುದೇ ಇಲ್ಲ. ಇದ್ದಿಲು ನಿಗಿನಿಗಿ ಕೆಂಡವಾಗಿ ಹೊಗೆ ನಿಂತ ಮೇಲೆ "ಇನ್ನು ಒಳಗೆ ತನ್ನಿ" ಅನ್ನುತ್ತಾರೆ. ಆಗಲೂ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತಲೇ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ರಕ್ತ ಹರಿಯುತ್ತಿರುತ್ತದೆ, ಆದರೆ ಮಿದುಳಿಗೆ ಬೇಕಾದಷ್ಟು ಆಮ್ಲಜನಕ ಮುಟ್ಟುವುದಿಲ್ಲ. ಮೊದಲು ತಲೆನೋವು, ವಾಕರಿಕೆ, ಆಮೇಲೆ ಮಂಪರು. ಸುಸ್ತಾಗಿದೆ ಅಂತ ಮಲಗಿಬಿಟ್ಟರೆ ಏಳುವುದೇ ಕಷ್ಟ.

ನಾವು ಅಜ್ಜಿಯನ್ನು ಕೇಳಿಕೊಂಡದ್ದು ಇಷ್ಟೇ: ಕೆಂಡ ಹಿತ್ತಲಲ್ಲೇ ಇರಲಿ, ಮಗುವಿನ ತಲೆ ಮೆತ್ತನೆ ಬಟ್ಟೆಯಲ್ಲಿ ಒರೆಸೋಣ. ಎರಡು ದಿನ ಮುನಿಸಿಕೊಂಡರು. ಮೂರನೇ ದಿನ ತಾವೇ ಕಿಟಕಿಯ ಸೀರೆ ಬಿಚ್ಚಿದರು.

ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ವಿಷಾನಿಲದ ಕಥೆ. ಸ್ನಾನಕ್ಕೆ ಹೋದವರು ಕರೆದರೆ ಓಗೊಡದಿದ್ದರೆ ಕದ ಒಡೆದಾದರೂ ಬಯಲು ಗಾಳಿಗೆ ತನ್ನಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಶೇಕಡಾ 98 ತೋರಿಸಿದರೂ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹೊತ್ತದ್ದು ಅಂತಲೇ ಎಣಿಸುತ್ತದೆ.